ನಲವತ್ತೊಂಬತ್ತನೇ ದಿನ

ಮರಿಗಳಿಗೆ ಗುರುತಿಲ್ಲದ ಜಾಗ ಬೇಕು,
ಗುರುತಿಲ್ಲದ ಕೈ ಬೇಕು,
ಹೊಟ್ಟೆ ಅರ್ಧ ತುಂಬಿರಬೇಕು.
ಹಾಗಾಗಿ ಭಾನುವಾರ ಬೆಳಿಗ್ಗೆ
ಚಳ್ಳಕೆರೆಯ ನಮ್ಮ ಎಣ್ಣೆಮಿಲ್ಲಿನ ಹಿಂದಿನ ಗೋದಾಮು ಗುಡಿಸಿದೆ
(ಶೇಂಗಾ ಸಿಪ್ಪೆ, ಎಷ್ಟು ಗುಡಿಸಿದರೂ ಮೂಲೆಯಲ್ಲಿ ಇನ್ನೊಂದು ಹಿಡಿ),
ರಜೆಯಲ್ಲಿದ್ದ ಕಂಡಕ್ಟರ್ ಪಾಲಾಕ್ಷಮ್ಮನನ್ನು ಕರೆಸಿದೆ.
ದಿನಕ್ಕೆ ಆರುನೂರು ಮುಖ ನೋಡುವವಳು,
ಒಂದನ್ನೂ ಮನೆಗೆ ಒಯ್ಯದವಳು.

ಆರು ಮರಿ. ಸೂಜಿಯ ಎರಡನೇ ಸೂಲು.
ಅಪ್ಪ ಮುಧೋಳದ ಕಡೆಯವನು, ಕಾಗದವಿದೆ,
ಮುತ್ತಜ್ಜನ ತನಕ ಹೆಸರಿದೆ.
ನನ್ನ ಮುತ್ತಜ್ಜನ ಹೆಸರು ನನಗೇ ಗೊತ್ತಿಲ್ಲ.
ಕೊರಳಿಗೆ ಕಂಬಳಿ ನೂಲು: ಕರಿದು, ಬಿಳಿದು, ಕಂದು.
ಬಣ್ಣ ಸಾಲದೆ ಉಳಿದ ಮೂವರಿಗೆ
ನನ್ನ ಹಳೇ ಲಂಗದ ಲಾಡಿ.

ಮೊದಲು ತಕ್ಕಡಿಯ ಹಲಗೆಯ ಮೇಲೆ ನಿಲ್ಲಿಸಿ ನೋಡಿದೆ.
ಭುಜದ ಇಳಿಜಾರು, ಎದೆಯ ಆಳ,
ಹಿಂಗಾಲು ಮಡಿಚುವ ಕೋನ, ಹಲ್ಲಿಗೆ ಹಲ್ಲು.
ಕಂದು ನೂಲಿನವಳ ಕೆಳದವಡೆ ಎಳೆಯಷ್ಟು ಮುಂದೆ.
ಬರೆದುಕೊಂಡೆ.
ಬೆಳೆಯುವ ಸಿರಿ ಮೊಳಕೆಯಲ್ಲಿ ಅನ್ನುತ್ತಾರೆ;
ಅಂದವರು ಕಾಳಿನ ಮೊಳಕೆ ನೋಡಿದ್ದರು,
ಮೊಳಕೆ ಅವರ ಕೈ ನೆಕ್ಕಿರಲಿಲ್ಲ.

ಆಮೇಲೆ ಪಾಲಾಕ್ಷಮ್ಮನ ಸರದಿ.
ಬೆನ್ನ ಮೇಲೆ ಮಲಗಿಸಿ, ಎದೆಗೆ ಅಂಗೈ ಇಟ್ಟು,
ಮೂವತ್ತು ಎಣಿಸಬೇಕು.
ಕರಿನೂಲಿನವನು ಇಪ್ಪತ್ತೊಂಬತ್ತರವರೆಗೂ ಒದರಿ
ಮೂವತ್ತಕ್ಕೆ ಆಕಳಿಸಿದ.
ಲಾಡಿಯವಳೊಬ್ಬಳು ಉಚ್ಚೆ ಹೊಯ್ದಳು.
"ಟಿಕೆಟ್ ತಗಳ್ದೆ ಹತ್ತಿದೋರೂ ಹಿಂಗೇ ಕಣಕ್ಕ,"
ಪಾಲಾಕ್ಷಮ್ಮ ಸೆರಗಲ್ಲಿ ಕೈ ಒರೆಸಿಕೊಂಡಳು.

ಕಡೆಗೆ ಸ್ಟೀಲ್ ತಟ್ಟೆ.
ಬೆನ್ನ ಹಿಂದೆ, ಎದೆಯೆತ್ತರದಿಂದ ಬಿಟ್ಟರೆ
ಗೋದಾಮಿಗೆ ಗೋದಾಮೇ ಗಂಟೆ.
ಇಬ್ಬರು ಓಡಿದರು, ಇಬ್ಬರು ಓಡಿ ತಿರುಗಿ ಬಂದರು,
ಕಂದುನೂಲಿನವಳು ತಟ್ಟೆಯೊಳಗೆ ನಿಂತು ತಟ್ಟೆಯನ್ನೇ ಬೈದಳು.
ಬಿಳಿನೂಲಿನವನು, ಮೈಯೂ ಬಿಳಿ,
ಬಾಲದ ತುದಿ ಕೂಡ ಅಲುಗಿಸಲಿಲ್ಲ.
ಧೈರ್ಯ: ಐದಕ್ಕೆ ಐದು.
ಪಕ್ಕದಲ್ಲೊಂದು ನಕ್ಷತ್ರವನ್ನೂ ಬರೆದೆ.
ದಾವಣಗೆರೆಯ ಗುರುಶಾಂತಪ್ಪನವರ ಮಂಡಕ್ಕಿ ಭಟ್ಟಿಗೆ
ಹೊಗೆಗೂ ಸದ್ದಿಗೂ ಬೆಚ್ಚದ ಮರಿ ಬೇಕಿತ್ತು,
ಮುಂಗಡ ಬಂದು ವಾರವಾಗಿತ್ತು.

ಕೆಲಸ ಮುಗಿಯಿತು.
ಅಭ್ಯಾಸಬಲ ನೋಡಿ, ಪಾಲಾಕ್ಷಮ್ಮ ಸೀಟಿ ಊದಿದಳು,
ಗಾಡಿ ಹೊರಡಿಸುವಂತೆ.
ಐದು ತಲೆ ತಿರುಗಿದವು.
ತೊಲೆಯ ಪಾರಿವಾಳಗಳು ಎದ್ದವು.
ಅವನು ಸಿಪ್ಪೆಯೊಂದನ್ನು ಮೂಸುತ್ತಿದ್ದ.

ಅವಳು ನನ್ನನ್ನು ನೋಡಿದಳು.
ಅವನ ಬೆನ್ನ ಹಿಂದೆ ಕೂತು ಇನ್ನೊಮ್ಮೆ ಊದಿದಳು, ಉದ್ದಕ್ಕೆ.
ಸಿಪ್ಪೆಯೇ ರುಚಿಯಾಗಿತ್ತು ಅವನಿಗೆ.
"ಇವ್ನು ಸ್ಟಾಪ್ ಬಂದ್ರೂ ಇಳಿಯಲ್ಲ," ಅಂದಳು,
ನಗಲಿಲ್ಲ.

ಫೋನಿನಲ್ಲಿ ಗುರುಶಾಂತಪ್ಪ ನಕ್ಕರು:
"ಕಿವಿ ಕೇಳದಿದ್ರೆ ಇನ್ನೂ ಚಲೋ ಆತಲ್ಲವಾ,
ನಮ್ಮ ಭಟ್ಟಿ ಸದ್ದಿಗೆ?"
ಲಾರಿ ಹಿಂದಕ್ಕೆ ಬರುತ್ತಲ್ಲ ಅಣ್ಣ, ಅಂದೆ.
ಆ ಕಡೆ ಮಂಡಕ್ಕಿ ಸಿಡಿಯುವುದಷ್ಟೇ ಕೇಳಿತು ಒಂದಷ್ಟು ಹೊತ್ತು.
ಆಮೇಲೆ, "ಆ ತಟ್ಟೆ ಬೈದಾಕಿನ್ನ ಕೊಡು."
ದವಡೆಯ ವಿಷಯ ಹೇಳಿದೆ.
"ನನ್ನ ದವಡೆ ನೀನು ನೋಡಿಲ್ಲ," ಅಂದರು.

ರಾತ್ರಿ ಸೂಜಿ ಹಾಲಿಗೆ ಕರೆದಳು, ಗಂಟಲೊಳಗೇ, ಕುಂಯ್ ಎಂದು.
ಐವರು ಬಿದ್ದು ಎದ್ದು ಬಂದರು.
ಆರನೆಯವನ ಬಳಿಗೆ ತಾನೇ ನಡೆದು
ಕುತ್ತಿಗೆಗೆ ಮೂಗು ಒತ್ತಿದಳು.
ಅವಸರವಿಲ್ಲ, ಬೆರಗಿಲ್ಲ,
ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡುವವಳಂತೆ.
ಏಳು ವಾರ ನಾನು ಅದನ್ನು ಮುದ್ದು ಅಂದುಕೊಂಡಿದ್ದೆ.

ಪುಸ್ತಕ ತೆಗೆದೆ.
ಐದನ್ನು ಹೊಡೆದುಹಾಕಲು ಪೆನ್ನು ಹಿಡಿದೆ.
ಸದ್ದೇ ಇರದ ಊರಿನಲ್ಲಿ
ಗುರುತಿಲ್ಲದ ಕೈಯ ಕೆಳಗೆ ಅಂಗಾತ ಮಲಗಿ
ಮೂವತ್ತು ಎಣಿಸುವವರೆಗೂ ತೊಲೆ ನೋಡುತ್ತಿದ್ದನಲ್ಲ,
ಅದಕ್ಕೆ ಎಷ್ಟು ಕೊಡುವುದು?

ಎಲ್ಲ ಮಲಗಿದ ಮೇಲೆ, ಸುಮ್ಮನೆ,
ಹಲಗೆಯ ನೆಲಕ್ಕೆ ಹಿಮ್ಮಡಿ ಕುಟ್ಟಿದೆ.
ಒಮ್ಮೆ. ಇನ್ನೊಮ್ಮೆ.
ಕತ್ತಲಲ್ಲಿ ಬಿಳಿಯದೊಂದು ತಲೆ ಎತ್ತಿ
ಯಾರು ಎಂಬಂತೆ
ನನ್ನ ಕಡೆಗೇ ನೋಡಿತು.